ಕುಡಿತ ಬಿಟ್ಟು ಬನ್ನಿ ಅನ್ನುವ ಮೊದಲು

"ಮೊದಲು ಕುಡಿಯೋದು ಬಿಡಲಿ, ಮಿಕ್ಕಿದ್ದು ಆಮೇಲೆ ನೋಡೋಣ."

ಈ ಮಾತನ್ನು ಒಂದಲ್ಲ ಒಂದು ಕಡೆ ಕೇಳಿಸಿಕೊಂಡೇ ಜನ ನನ್ನ ಹತ್ತಿರ ಥೆರಪಿಗೆ ಬರುತ್ತಾರೆ. ಹೇಳಿದವರು ಕೆಟ್ಟವರೇನಲ್ಲ. ಮನೆಯ ಹಿರಿಯರು ಹೇಳಿರುತ್ತಾರೆ, ಡಾಕ್ಟರು ಹೇಳಿರುತ್ತಾರೆ, ಕೌನ್ಸೆಲಿಂಗ್ ಮಾಡುವ ನಮ್ಮವರೂ ಹೇಳಿರುತ್ತಾರೆ. ಕೇಳೋಕೆ ನ್ಯಾಯವಾಗಿಯೇ ಇದೆ. ಕುಡಿದು ಬಂದವರ ಹತ್ತಿರ ಏನು ಮಾತಾಡೋದು, ಅಲ್ವಾ? ಆದರೆ ದೊಡ್ಡ ಆಘಾತ ಕಂಡು, ಆಮೇಲೆ ಕುಡಿತಕ್ಕೆ ಬಿದ್ದವರಿಗೆ ಈ ಮಾತು ಬಹಳ ಅನ್ಯಾಯ ಮಾಡುತ್ತದೆ ಅಂತ ನನ್ನ ಅನಿಸಿಕೆ. ಆ ಆಘಾತ ವಾಸಿಯಾಗದೆ ಅವರಿಗೆ ಕುಡಿತ ಬಿಡೋಕಾಗಲ್ಲ. ಕುಡಿತ ಬಿಡದೆ ಆಘಾತಕ್ಕೆ ಚಿಕಿತ್ಸೆ ಸಿಗಲ್ಲ. ಹೀಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆಯುತ್ತಲೇ ವರ್ಷಗಳು ಕಳೆದುಹೋಗುತ್ತವೆ.

ಒಬ್ಬ ಲಾರಿ ಡ್ರೈವರ್ ಮೂಲಕ ಇದನ್ನು ಹೇಳುತ್ತೇನೆ. ಇವರು ನಿಜವಾದ ಒಬ್ಬ ವ್ಯಕ್ತಿಯಲ್ಲ. ಹಲವರ ಅನುಭವ ಸೇರಿಸಿ, ಯಾರ ಗುರುತೂ ಸಿಗದ ಹಾಗೆ ಬದಲಾಯಿಸಿಕೊಂಡಿದ್ದೇನೆ. ಡ್ರೈವರಣ್ಣ ಅಂತ ಕರೆಯೋಣ.

ಡ್ರೈವರಣ್ಣ ಹಾಸನದ ಕಡೆಯವರು. ಮಂಗಳೂರು ಬಂದರಿಗೆ ಲೋಡು ಹೊಡೆಯುತ್ತಿದ್ದರು. ಒಂದು ಮಳೆಗಾಲದ ರಾತ್ರಿ ಶಿರಾಡಿ ಘಾಟಿ ಇಳಿಯುವಾಗ ತಿರುವಿನಲ್ಲಿ ಎದುರಿಗೆ ಒಂದು ಗಾಡಿ ನುಗ್ಗಿ ಬಂತು. ತಪ್ಪಿಸಲು ಹೋದಾಗ ಲಾರಿ ಎಡಕ್ಕೆ ಜಾರಿ ಮರಕ್ಕೆ ಬಡಿಯಿತು. ಎಡಗಡೆ ಕೂತಿದ್ದ ಕ್ಲೀನರ್ ಹುಡುಗ ಕ್ಯಾಬಿನ್ನಿನಲ್ಲೇ ಸಿಕ್ಕಿಕೊಂಡ. ಜನ ಸೇರಿ ಬಿಡಿಸುವಷ್ಟರಲ್ಲಿ ಜೀವ ಹೋಗಿತ್ತು.

ಡ್ರೈವರಣ್ಣನ ಕಾಲಿಗೆ ಬಿದ್ದ ಪೆಟ್ಟು ವಾಸಿಯಾಯಿತು. ಮನೆಯವರು ಅಂತ್ರ ಕಟ್ಟಿಸಿದರು, ದೃಷ್ಟಿ ತೆಗೆದರು, ಹರಕೆಯನ್ನೂ ತೀರಿಸಿದರು. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಅದೇ ತಿರುವು. ಮೈಯೆಲ್ಲ ಬೆವೆತು ಕಿರುಚಿಕೊಂಡು ಏಳುತ್ತಿದ್ದರು. ಹಗಲಲ್ಲಿ ಯಾವುದೋ ಬಸ್ಸಿನ ವೈಪರ್ ಸದ್ದು ಕೇಳಿದರೆ, ಬ್ರೇಕ್ ಲೈನರ್ ಸುಟ್ಟ ವಾಸನೆ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಲಾರಿ ಹತ್ತೋದನ್ನೇ ಬಿಟ್ಟರು. ಹುಡುಗನ ಊರಿನ ಕಡೆ ಹೋಗುವ ರಸ್ತೆಯಲ್ಲೂ ಓಡಾಡುತ್ತಿರಲಿಲ್ಲ. ಮಕ್ಕಳ ಜೊತೆ ಕೂತರೂ ಮನಸ್ಸು ಅಲ್ಲಿರುತ್ತಿರಲಿಲ್ಲ. ಸಣ್ಣ ಪುಟ್ಟದ್ದಕ್ಕೆಲ್ಲ ರೇಗುತ್ತಿದ್ದರು.

ಅವರ ಹೆಂಡತಿ ಹೇಳಿದ ಒಂದು ಮಾತಿನಲ್ಲಿ ಇಡೀ ಕಾಯಿಲೆಯ ವಿವರ ಇತ್ತು. "ಮೊದ್ಲು ಹಬ್ಬಕ್ಕೆ, ಬಾಡೂಟಕ್ಕೆ ಅಂತ ಕುಡೀತಿದ್ರು ಮೇಡಂ. ಈಗ ನಿದ್ದೆಗೆ ಅಂತ ಕುಡೀತಾರೆ."

ಕೆಟ್ಟ ಕನಸು, ಆ ಜಾಗದಿಂದ ದೂರ ಓಡೋದು, ತನ್ನ ಬಗ್ಗೆಯೇ ಕೆಟ್ಟ ಯೋಚನೆ, ಸದಾ ಎಚ್ಚರವಾಗಿ ಬೆಚ್ಚಿ ಬೀಳೋದು. ಇಂಥ ತೊಂದರೆಗಳು ಒಂದು ತಿಂಗಳಿಗಿಂತ ಜಾಸ್ತಿ ಉಳಿದು ಬದುಕನ್ನು ಹಾಳು ಮಾಡಿದರೆ ಅದಕ್ಕೆ ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್, ಚಿಕ್ಕದಾಗಿ ಪಿಟಿಎಸ್‌ಡಿ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ ಇದನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರು ಮತ್ತು ಅವರ ಪರ ನಿಂತವರು ಒತ್ತಾಯ ಮಾಡಿದ್ದು ಅದಕ್ಕೆ ಒಂದು ದೊಡ್ಡ ಕಾರಣ. ಯುದ್ಧ, ಅತ್ಯಾಚಾರ, ಅಪಘಾತ, ಪ್ರವಾಹ, ಮನೆಯೊಳಗಿನ ಹೊಡೆತ, ಎಲ್ಲದರ ನಂತರವೂ ಇದು ಬರಬಹುದು. ಆಘಾತ ಕಂಡ ಎಲ್ಲರಿಗೂ ಬರುವುದಿಲ್ಲ ಅನ್ನೋದನ್ನೂ ಹೇಳಬೇಕು. ಹೆಚ್ಚಿನವರು ಮನೆಯವರು, ಸ್ನೇಹಿತರ ನಡುವೆ ನಿಧಾನಕ್ಕೆ ಸುಧಾರಿಸಿಕೊಳ್ಳುತ್ತಾರೆ.

ಆದರೆ ಬಂದಾಗ ಅದು ಒಂಟಿಯಾಗಿ ಬರುವುದು ಅಪರೂಪ. ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ಅಂಕಿ ಅಂಶ 1995ರಲ್ಲಿ ಪ್ರಕಟವಾಯಿತು. ಪಿಟಿಎಸ್‌ಡಿ ಇದ್ದ ಗಂಡಸರಲ್ಲಿ ನೂರಕ್ಕೆ ಸುಮಾರು 88 ಮಂದಿಗೆ, ಹೆಂಗಸರಲ್ಲಿ 79 ಮಂದಿಗೆ ಜೀವನದಲ್ಲಿ ಇನ್ನೊಂದಾದರೂ ಮಾನಸಿಕ ಕಾಯಿಲೆ ಬಂದಿತ್ತು. ಗಂಡಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಕುಡಿತದ ಸಮಸ್ಯೆ ಇತ್ತು. ಖಿನ್ನತೆಯಂತೂ ಇಬ್ಬರಲ್ಲೂ ಹೆಚ್ಚು. ಅಂದರೆ ಬರೀ ಪಿಟಿಎಸ್‌ಡಿ ಇರುವ ವ್ಯಕ್ತಿ ಸಿಗುವುದೇ ಕಷ್ಟ. ಹಾಗಿರುವಾಗ 'ಒಂದೊಂದಾಗಿ ನೋಡೋಣ' ಎಂಬ ಲೆಕ್ಕಾಚಾರ ಯಾರಿಗಾಗಿ?

ಡ್ರೈವರಣ್ಣ ಬಿಡೋಕೆ ಪ್ರಯತ್ನ ಪಡಲಿಲ್ಲ ಅಂತಲ್ಲ. ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದಿದ್ದರು. ಅಂಥ ಶಿಬಿರಗಳಿಂದ ಬದುಕು ಸರಿ ಮಾಡಿಕೊಂಡವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಇವರೂ ಅಲ್ಲಿ ಪೂರ್ತಿ ಬಿಟ್ಟರು. ಮನೆಗೆ ಬಂದರು. ಬಂದ ಮೇಲೆ ಕನಸು ಮೊದಲಿಗಿಂತ ಜಾಸ್ತಿಯಾಯಿತು. ಕೆಲವೇ ರಾತ್ರಿಗಳಲ್ಲಿ ಸೋತು ಮತ್ತೆ ಕ್ವಾರ್ಟರ್ ತಂದರು. ಊರಿನವರು "ಎಷ್ಟು ಬುದ್ಧಿ ಹೇಳಿದ್ರೂ ಅಷ್ಟೇ, ನಾಯಿ ಬಾಲ ಡೊಂಕು" ಅಂದರು.

ಇದು ಬುದ್ಧಿಯ ವಿಷಯವೇ ಅಲ್ಲ. ನಮಗೆ ಕನಸು ಹೆಚ್ಚಾಗಿ ಬೀಳುವುದು ರೆಮ್ ಎಂಬ ನಿದ್ದೆಯ ಹಂತದಲ್ಲಿ. ಮದ್ಯ ರಾತ್ರಿಯ ಮೊದಲ ಭಾಗದಲ್ಲಿ ಈ ಹಂತವನ್ನು ಅದುಮಿಬಿಡುತ್ತದೆ. ಕುಡಿದವರಿಗೆ ಒಂದಷ್ಟು ಹೊತ್ತು ಕನಸಿಲ್ಲದ ನಿದ್ದೆ ಸಿಗುತ್ತದೆ. ಬೆಳಗಿನ ಜಾವ ಮದ್ಯ ಇಳಿದ ಮೇಲೆ ನಿದ್ದೆ ಒಡೆಯುತ್ತದೆ, ಕನಸು ನುಗ್ಗುತ್ತದೆ. ದಿನಾ ಕುಡಿಯುತ್ತಿದ್ದವರು ಏಕಾಏಕಿ ಬಿಟ್ಟರೆ ಅಷ್ಟು ದಿನ ಅದುಮಿಟ್ಟಿದ್ದ ರೆಮ್ ನಿದ್ದೆ ಜೋರಾಗಿ ವಾಪಸ್ ಬರುತ್ತದೆ. ಯಾರಿಗಾದರೂ ಆ ದಿನಗಳಲ್ಲಿ ವಿಚಿತ್ರ ಕನಸು ಬೀಳುತ್ತವೆ. ಪಿಟಿಎಸ್‌ಡಿ ಇದ್ದವರಿಗೆ ಬೀಳುವುದು ಯಾವ ಕನಸು ಅಂತ ಬಿಡಿಸಿ ಹೇಳಬೇಕಿಲ್ಲ. ಅದರ ಮೇಲೆ ಕೈನಡುಕ, ಬೆವರು, ಎದೆಬಡಿತ. ಇವು ಕುಡಿತ ಬಿಟ್ಟಾಗಲೂ ಬರುತ್ತವೆ, ಪಿಟಿಎಸ್‌ಡಿಯಲ್ಲೂ ಬರುತ್ತವೆ. ಎರಡೂ ಒಟ್ಟಿಗೆ ಮೇಲೆ ಬಿದ್ದಾಗ ಆ ಮನುಷ್ಯನಿಗೆ ಗೊತ್ತಿರುವ ಮದ್ದು ಒಂದೇ.

ನೋವು ತಡೆಯೋಕೆ ತಾವೇ ಮದ್ದು ಮಾಡಿಕೊಳ್ಳುವ ಈ ವಿಷಯವನ್ನು ಎಡ್ವರ್ಡ್ ಖಾಂಟ್ಜಿಯನ್ ಎಂಬ ಅಮೆರಿಕದ ಮನೋವೈದ್ಯರು 1985ರಲ್ಲೇ ವಿವರವಾಗಿ ಬರೆದಿದ್ದರು. ಎಲ್ಲರ ಕುಡಿತಕ್ಕೂ ಅದು ಹೊಂದುವುದಿಲ್ಲ. ಇಂಥವರ ಕುಡಿತಕ್ಕೆ ಹೊಂದುತ್ತದೆ. ಹಾಗಾಗಿ ಮೊದಲ ದಿನ ನಾನು "ಎಷ್ಟು ಕುಡೀತೀರಿ" ಅಂತ ಮಾತ್ರ ಕೇಳುವುದಿಲ್ಲ. "ಕುಡಿದ ಮೇಲೆ ಏನು ಹಗುರ ಆಗುತ್ತೆ" ಅಂತಲೂ ಕೇಳುತ್ತೇನೆ. ಆ ಪ್ರಶ್ನೆಗೆ ಗಂಡಸರು ಅಳುವುದನ್ನು ಕಂಡಿದ್ದೇನೆ. ಅಲ್ಲಿಯ ತನಕ ಯಾರೂ ಹಾಗೆ ಕೇಳಿರುವುದಿಲ್ಲ.

ಆಘಾತದ ನೆನಪನ್ನು ಕೆದಕಿದರೆ ಇನ್ನೂ ಜಾಸ್ತಿ ಕುಡಿಯುತ್ತಾರೆ ಅನ್ನೋ ಭಯ ಚಿಕಿತ್ಸೆ ಕೊಡುವವರಿಗೆ ಬಹಳ ಕಾಲ ಇತ್ತು, ಈಗಲೂ ಹಲವರಿಗೆ ಇದೆ. ಈ ಭಯವನ್ನು ಸುಮ್ನೆ ನಂಬುವ ಬದಲು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಆಸ್ಟ್ರೇಲಿಯಾದ ಕ್ಯಾಥರೀನ್ ಮಿಲ್ಸ್ ಮತ್ತು ಅವರ ತಂಡ ಸಿಡ್ನಿಯಲ್ಲಿ 103 ಜನರ ಮೇಲೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಪಿಟಿಎಸ್‌ಡಿ ಇತ್ತು, ಜೊತೆಗೆ ಮದ್ಯ ಅಥವಾ ಡ್ರಗ್ಸ್ ಚಟ ಇತ್ತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆ ಕೋಪ್ ಎಂಬ ಥೆರಪಿ. ಇದರಲ್ಲಿ ಚಟದ ಕೆಲಸವೂ ಆಘಾತದ ಕೆಲಸವೂ ಒಂದೇ ಸೆಷನ್ನಿನಲ್ಲಿ ಒಟ್ಟಿಗೆ ಸಾಗುತ್ತವೆ. ಕೋಪ್ ಪಡೆದವರಲ್ಲಿ ಪಿಟಿಎಸ್‌ಡಿ ತೊಂದರೆಗಳು ಇನ್ನೊಂದು ಗುಂಪಿಗಿಂತ ಜಾಸ್ತಿ ಇಳಿದವು. ಚಟ ಎರಡೂ ಗುಂಪಿನಲ್ಲಿ ಇಳಿಯಿತು, ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ. ಕೋಪ್ ಚಟವನ್ನು ಮಾಯ ಮಾಡಿಬಿಟ್ಟಿತು ಅಂತ ಇದರ ಅರ್ಥ ಅಲ್ಲ. ಆದರೆ ನೆನಪನ್ನು ಎದುರಿಸಿದ ಗುಂಪಿನಲ್ಲಿ ಚಟ ಹೆಚ್ಚಲಿಲ್ಲವಲ್ಲ, ನನಗೆ ಅದೇ ದೊಡ್ಡ ವಿಷಯ. 'ಆಮೇಲೆ ನೋಡೋಣ' ಎಂಬ ಮಾತಿನ ಬುಡವೇ ಅಲ್ಲಿ ಅಲುಗಾಡುತ್ತದೆ.

ಕೋಪ್ ಥೆರಪಿಯ ಬೆನ್ನೆಲುಬು ಎಡ್ನಾ ಫೋವಾ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ ವಿಧಾನ. ಹೆದರಿ ದೂರ ಓಡುತ್ತಿದ್ದ ನೆನಪಿನ ಎದುರು, ಸುರಕ್ಷಿತ ಜಾಗದಲ್ಲಿ ಕೂತು, ಮತ್ತೆ ಮತ್ತೆ ನಿಲ್ಲುವುದು. ಹೇಳೋಕೆ ಸುಲಭ. ಎದುರು ಕೂತು ನೋಡಿದರೆ ಎಷ್ಟು ಧೈರ್ಯ ಬೇಕು ಅಂತ ಗೊತ್ತಾಗುತ್ತದೆ.

ಡ್ರೈವರಣ್ಣನ ಜೊತೆ ಶುರುವಿನ ಸೆಷನ್‌ಗಳು ಬೇರೆ ಕೆಲಸಕ್ಕೆ ಹೋದವು. ಯಾವ ಹೊತ್ತಿಗೆ ಕುಡಿಯಬೇಕು ಅನ್ನಿಸುತ್ತದೆ, ಅದಕ್ಕೆ ಮುಂಚೆ ಏನಾಗಿರುತ್ತದೆ ಅಂತ ಒಂದು ಹಾಳೆಯಲ್ಲಿ ಗುರುತು ಮಾಡುತ್ತ ಬಂದರು. ಮೋಡ ಕವಿದರೆ ಬೇಕು. ಹುಡುಗನ ವಯಸ್ಸಿನವರನ್ನು ಕಂಡರೆ ಬೇಕು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲಂತೂ ಬೇಕೇ ಬೇಕು. ಆ ಹಾಳೆ ನೋಡಿ ಅವರೇ ಹೇಳಿದರು: "ಇದು ಕುಡಿತದ ಲೆಕ್ಕ ಅಲ್ಲ ಮೇಡಂ, ಆ ರಾತ್ರಿ ಲೆಕ್ಕ." ಬೇಕು ಅನ್ನಿಸಿದಾಗ ಆ ಎಳೆತ ಏರಿ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಅದನ್ನು ಕಾದು ನೋಡುವ ಅಭ್ಯಾಸ ಮಾಡಿದೆವು. ಆಸ್ಪತ್ರೆಯಲ್ಲಿ ಮನೋವೈದ್ಯರು ಕುಡಿತ ಇಳಿಸುವ ಔಷಧಿ ನೋಡಿಕೊಂಡರು.

ಆಮೇಲೆ ಆ ರಾತ್ರಿಯ ಸರದಿ. ಕಣ್ಣು ಮುಚ್ಚಿಕೊಂಡು, ಈಗಲೇ ನಡೆಯುತ್ತಿದೆ ಅನ್ನೋ ಹಾಗೆ ಹೇಳಬೇಕು.

"ದೋಣಿಗಾಲ್ ದಾಟಿದೀನಿ. ಮಳೆ ಜೋರು. ಗ್ಲಾಸ್ ಮಂಜು ಹಿಡೀತಾ ಇದೆ. ಹುಡ್ಗ ಒಳಗಿಂದ ಬಟ್ಟೇಲಿ ಒರೆಸ್ತಾ ಇದಾನೆ."

"ಈಗ ನೂರಕ್ಕೆ ಎಷ್ಟು ಅಣ್ಣಾ?"

"ತೊಂಬತ್ತು."

ಭಯಕ್ಕೆ ಸೊನ್ನೆಯಿಂದ ನೂರರ ತನಕ ಅವರೇ ಅಂಕ ಕೊಡಬೇಕು. ಮೊದಲ ಸಲ ಹುಡುಗ ಗ್ಲಾಸ್ ಒರೆಸುವಲ್ಲಿಂದ ನೇರ ಜನ ಓಡಿ ಬಂದ ಜಾಗಕ್ಕೆ ಹಾರಿದರು. ನಡುವಿನದ್ದು ಬಾಯಿಗೆ ಬರಲಿಲ್ಲ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳಬೇಕು. ಸಂಜೆ ಬೇಡ, ಬೆಳಿಗ್ಗೆ ಕಾಫಿ ಆದ ಮೇಲೆ ಕೇಳಿ ಅಂದೆ. ಅವರು ಕೋಣೆಯಲ್ಲಿ ಕೇಳುವಾಗ ಹೆಂಡತಿ ಹಜಾರದಲ್ಲಿ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದರಂತೆ. ಒಳಗೆ ಹೋಗುತ್ತಿರಲಿಲ್ಲ, ಎದ್ದೂ ಹೋಗುತ್ತಿರಲಿಲ್ಲ.

ಹಲವು ಸಲ ಹೇಳಿದ ಮೇಲೆ ಒಂದು ದಿನ, ಆ ತಿರುವಿಗೆ ಬಂದಾಗ ಅವರ ಎಡಗೈ ಗೇರ್ ಹಿಡಿದ ಹಾಗೆ ಮುಷ್ಟಿಯಾಯಿತು. ಮಾತು ನಿಂತಿತು. "ಸೆಕೆಂಡ್ ಗೇರಲ್ಲೇ ಇದೀನಿ ಮೇಡಂ," ಅಂದರು. ಕಣ್ಣು ಬಿಟ್ಟು ಮತ್ತೆ ಅದನ್ನೇ ಹೇಳಿದರು.

ಅಲ್ಲಿಯ ತನಕ ಅವರು ಎಲ್ಲರ ಹತ್ತಿರ ಹೇಳುತ್ತಿದ್ದದ್ದು, ತಾವೂ ನಂಬಿದ್ದದ್ದು ಒಂದೇ: 'ನಾನು ಜೋರಾಗಿ ಬಂದೆ, ಹುಡುಗನ್ನ ನಾನೇ ಕೊಂದೆ.' ಸೆಕೆಂಡ್ ಗೇರಿನಲ್ಲಿ ಲೋಡ್ ಗಾಡಿ ಇಳಿಸುವ ಡ್ರೈವರ್ ಜೋರಾಗಿ ಬಂದಿರಲಾರ ಅಂತ ನಾನು ಹೇಳಬೇಕಾಗಿರಲಿಲ್ಲ. ಅದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಅಪರಾಧಿ ಭಾವ ಅಷ್ಟಕ್ಕೇ ಹೋಗಲಿಲ್ಲ. ದುಃಖ ಉಳಿಯಿತು, ಉಳಿಯಬೇಕಾದದ್ದೇ. ಆದರೆ ಮನಸ್ಸು ಭಯದಲ್ಲಿ ಹರಿದು ಚೂರು ಮಾಡಿದ್ದ ರಾತ್ರಿಗೆ ಒಂದು ಹಿಂದು ಮುಂದು ಬಂತು. ಈ ಥೆರಪಿಯ ಕೆಲಸ ನೆನಪನ್ನು ಅಳಿಸುವುದಲ್ಲ. ಅದನ್ನು ಪೂರ್ತಿಯಾಗಿ ನೋಡಲು ಬಿಡುವುದು.

ಪೆಟ್ರಿಷಿಯಾ ರೆಸಿಕ್ ರೂಪಿಸಿದ ಸಿಪಿಟಿ ಎಂಬ ಇನ್ನೊಂದು ಥೆರಪಿ ಇದೆ. ಅದು ಇಂಥ 'ನನ್ನಿಂದಲೇ ಆಯಿತು' ಎಂಬ ಗಂಟುಬಿದ್ದ ಯೋಚನೆಗಳ ಮೇಲೆಯೇ ಕೆಲಸ ಮಾಡುತ್ತದೆ. ಕಣ್ಣಿನ ಚಲನೆಯ ಜೊತೆ ನೆನಪನ್ನು ಸಂಭಾಳಿಸುವ ಇಎಂಡಿಆರ್ ಕೂಡ ಇದೆ. ಯಾವುದು ಯಾರಿಗೆ ಎಂಬುದು ಸಿಗುವ ಥೆರಪಿಸ್ಟು ಏನು ಕಲಿತಿದ್ದಾರೆ ಎಂಬುದರ ಮೇಲೂ ನಿಂತಿರುತ್ತದೆ. ಆಘಾತದ ವಿವರಕ್ಕೆ ಈಗಲೇ ಹೋಗಲಾರೆ ಅನ್ನುವವರಿಗೆ ಲೀಸಾ ನಜಾವಿಟ್ಸ್ ರೂಪಿಸಿದ ವಿಧಾನವೊಂದಿದೆ. ಅದರಲ್ಲಿ ಹಿಂದಿನದ್ದನ್ನು ಕೆದಕದೆ ಇವತ್ತಿನ ದಿನವನ್ನು ಚಟವಿಲ್ಲದೆ, ಅಪಾಯವಿಲ್ಲದೆ ಕಳೆಯುವುದನ್ನು ಕಲಿಸುತ್ತಾರೆ. ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ಆಗಬೇಕೆಂದಿಲ್ಲ.

ಹುಡುಗನ ವರ್ಷದ ತಿಥಿಯ ದಿನ ಡ್ರೈವರಣ್ಣ ಮತ್ತೆ ಕುಡಿದರು. ಮರುದಿನ ಫೋನು ಮಾಡಿ "ಇನ್ನು ಬರಲ್ಲ ಮೇಡಂ, ನಿಮ್ಮ ಮುಖ ನೋಡೋಕೆ ಆಗಲ್ಲ" ಅಂದರು. ಚಿಕಿತ್ಸೆ ಇಲ್ಲಿ ಮುರಿಯಬಾರದು. ಕುಡಿದಿದ್ದಕ್ಕೆ ಹೊರಗೆ ಕಳಿಸುವುದೆಂದರೆ ಕಾಯಿಲೆ ಇದ್ದದ್ದಕ್ಕೇ ಆಸ್ಪತ್ರೆಯಿಂದ ಓಡಿಸಿದ ಹಾಗೆ. ಬನ್ನಿ ಅಂದೆ. ಬಂದರು. ಆ ದಿನದ ಹಾಳೆಯಲ್ಲಿ ಏನೇನು ಆಯಿತೆಂದು ಒಟ್ಟಿಗೆ ಬರೆದೆವು.

ಆಮೇಲೆ ನಿಂತ ಲಾರಿಯಲ್ಲಿ ಕೂರುವುದು, ವೈಪರ್ ಹಾಕಿ ಕೇಳುವುದು, ಹಗಲು ಹೊತ್ತು ಬಸ್ಸಿನಲ್ಲಿ ಘಾಟಿ ಇಳಿಯುವುದು, ಹೀಗೆ ಒಂದೊಂದಾಗಿ. ಕಡೆಗೆ ಹುಡುಗನ ತಾಯಿಯ ಮನೆಗೂ ಹೋಗಿ ಬಂದರು. ಅಲ್ಲಿ ಏನು ಮಾತಾಯಿತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಟ್ಟಿಗೆ ಚಿಕಿತ್ಸೆ ಅಂದರೆ ಕಣ್ಣು ಮುಚ್ಚಿಕೊಂಡು ನುಗ್ಗುವುದಲ್ಲ. ದಿನಾ ಹೆಚ್ಚು ಕುಡಿಯುವವರು ಮನೆಯಲ್ಲೇ ಏಕಾಏಕಿ ಬಿಡುವುದು ಅಪಾಯ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು. ಎಲ್ಲಿದ್ದೇನೆ ಅಂತಲೂ ತಿಳಿಯದೆ, ಇಲ್ಲದ್ದೆಲ್ಲ ಕಂಡು ಕೂಗಾಡಬಹುದು. ಪ್ರಾಣವೂ ಹೋಗಬಹುದು. ಆ ದಿನಗಳು ಡಾಕ್ಟರ ಕಣ್ಣಳತೆಯಲ್ಲೇ ಕಳೆಯಬೇಕು. ಸಾಯುವ ಯೋಚನೆ ಗಟ್ಟಿಯಾಗಿದ್ದರೆ ಮೊದಲು ಅದರ ಕಡೆ ನೋಡಬೇಕು. ಇಷ್ಟು ಕಾಯುವುದಕ್ಕೂ 'ಆರು ತಿಂಗಳು ಕುಡಿಯದೆ ಇದ್ದು ತೋರಿಸಿ, ಆಮೇಲೆ ಬನ್ನಿ' ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ.

ಮನೆಯೊಳಗೆ ಹೊಡೆತ ತಿನ್ನುತ್ತಿರುವ ಹೆಂಗಸರ ಕಥೆಯೇ ಬೇರೆ. ಅವರು ಕುಡಿತ ಅಂತ ಬರುವುದು ಕಡಿಮೆ. ಮೈಕೈ ನೋವು, ತಲೆನೋವು, ನಿದ್ದೆ ಇಲ್ಲ, ಸುಸ್ತು ಅಂತ ಬರುತ್ತಾರೆ. ಕೈಯಲ್ಲಿ ಹಳೆಯ ಚೀಟಿಗಳ ಕಟ್ಟೇ ಇರುತ್ತದೆ. ಅದರಲ್ಲಿ ವಿಟಮಿನ್, ಗ್ಯಾಸಿನ ಮಾತ್ರೆ, ಜೊತೆಗೆ ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ. ಈ ಮಾತ್ರೆಗಳ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಪಿಟಿಎಸ್‌ಡಿಗೆ ಈ ಗುಂಪಿನ ಮಾತ್ರೆ ಕೊಡಬೇಡಿ ಅಂತ ಅಮೆರಿಕದ ಸೈನಿಕ ಆಸ್ಪತ್ರೆಗಳ ಮಾರ್ಗಸೂಚಿಯೇ ಹೇಳುತ್ತದೆ. ಅಭ್ಯಾಸವಾದರೆ ಅದೇ ಎರಡನೇ ಕಾಯಿಲೆ. ಔಷಧಿ ಬೇಕಿದ್ದರೆ ಸರ್ಟ್ರಲೀನ್‌ನಂಥವು ಇವೆ. ಖಿನ್ನತೆಗೂ ಪಿಟಿಎಸ್‌ಡಿಗೂ ಎರಡಕ್ಕೂ ಕೊಡುತ್ತಾರೆ. ಈಗಾಗಲೇ ನಿದ್ದೆ ಮಾತ್ರೆ ತಿನ್ನುತ್ತಿರುವವರು ಇದನ್ನು ಓದಿ ತಾವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಬೇಕು. ಇನ್ನೊಂದು ಮಾತು: ಇವರ ಆಘಾತ ಇನ್ನೂ ಮುಗಿದಿಲ್ಲ. ರಾತ್ರಿ ಮತ್ತೆ ಅದೇ ಮನೆಗೆ ಹೋಗಬೇಕು. ಅವರ ಎಚ್ಚರ ಕಾಯಿಲೆಯಲ್ಲ, ಜೀವ ಉಳಿಸಿಕೊಳ್ಳುವ ದಾರಿ. ಅವರಿಗೆ ಥೆರಪಿಗಿಂತ ಮೊದಲು ಬೇಕಾದದ್ದು ರಕ್ಷಣೆ. 181 ಸಹಾಯವಾಣಿ ಇದೆ, ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳಿವೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ.

ತೀವ್ರ ಮಾನಸಿಕ ಕಾಯಿಲೆ ಇರುವವರನ್ನೂ ಹೀಗೇ ಹೊರಗಿಡುತ್ತಿದ್ದರು. ಕಿವಿಯಲ್ಲಿ ದನಿ ಕೇಳಿಸುವವರಿಗೆ ಆಘಾತದ ಥೆರಪಿ ಕೊಟ್ಟರೆ ಕೆರಳುತ್ತಾರೆ ಎಂಬ ಹೆದರಿಕೆ. ನೆದರ್ಲೆಂಡ್ಸ್‌ನಲ್ಲಿ ಇಂಥ 155 ಜನರೊಡನೆ ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪಿಟಿಎಸ್‌ಡಿ ಇಳಿದಿತ್ತು, ಹೆದರಿದ್ದ ಹಾಗೆ ಕಾಯಿಲೆ ಕೆರಳಲಿಲ್ಲ. ಅಲ್ಲೂ ಹೆಚ್ಚು ಹೆದರಿದ್ದವರು ನಾವು, ಚಿಕಿತ್ಸೆ ಕೊಡುವವರು.

ನಮ್ಮಲ್ಲಿ ಇಂಥ ಥೆರಪಿ ಕಲಿತವರು ಕಡಿಮೆ, ಅವರಲ್ಲೂ ಹೆಚ್ಚಿನವರು ಬೆಂಗಳೂರಿನಲ್ಲಿ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕುಡಿತದ ಕಾಯಿಲೆ ಇರುವ ನೂರರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಸಿಕ್ಕವರಲ್ಲಿ ಎಷ್ಟು ಜನರನ್ನು "ನಿಮಗೆ ಹಿಂದೆ ಏನಾದರೂ ಆಗಿತ್ತಾ" ಅಂತ ಕೇಳಿರುತ್ತಾರೆ?

ಹಾಗಾಗಿ ಮನೆಯವರಿಗೆ ಒಂದು ಕೋರಿಕೆ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಕುಡಿತದ ಕಥೆ ಮಾತ್ರ ಹೇಳಿ ಬರಬೇಡಿ. ಕುಡಿತ ಜಾಸ್ತಿಯಾದದ್ದು ಯಾವಾಗಿನಿಂದ, ಅದಕ್ಕೆ ಮುಂಚೆ ಏನು ನಡೆದಿತ್ತು, ರಾತ್ರಿ ಬೆಚ್ಚಿ ಬೀಳುತ್ತಾರಾ, ಯಾವ ಜಾಗಕ್ಕೆ ಹೋಗಲ್ಲ ಅನ್ನುತ್ತಾರೆ, ಇದನ್ನೂ ಹೇಳಿ. ಕುಡಿತಕ್ಕೂ ಆ ಘಟನೆಗೂ ಒಟ್ಟಿಗೆ ಚಿಕಿತ್ಸೆ ಕೊಡುತ್ತೀರಾ ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ಎಲ್ಲಿ ಸಿಗುತ್ತದೆ ಅಂತ ಕೇಳಿ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಫೋನು ಮಾಡಿ. 2022ರಿಂದ ನಡೆಯುತ್ತಿದೆ, ದುಡ್ಡು ಕೊಡಬೇಕಿಲ್ಲ, ರಾತ್ರಿ ಹೊತ್ತೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.